ಕೇಸು ವಾಪಸ್ ತಗೊಂಡ್ರು, ಯಾರನ್ನ ಕೇಳಿ?

2024ರ ಅಕ್ಟೋಬರ್‌ನಲ್ಲಿ ಹಳೇ ಹುಬ್ಬಳ್ಳಿಯ ಚಹಾದಂಗಡಿಗಳಲ್ಲಿ ಒಂದೇ ಮಾತು. "ಠಾಣೆ ಗಲಾಟೆ ಕೇಸು ವಾಪಸ್ ತಗೊಂಡ್ರಂತ." ಕೆಲವರಿಗೆ ಸಮಾಧಾನ, ಕೆಲವರಿಗೆ ಸಿಟ್ಟು. ನಾವು ವರದಿಗಾರರೂ ಎರಡೂ ಕಡೆಯವರ ಹೇಳಿಕೆ ತಗೊಂಡು ಸುದ್ದಿ ಕಳಿಸಿ ಸುಮ್ಮನಾದೆವು.

ಆದರೆ ಆ ದಿನ ನಾವು ಕೇಳಲೇಬೇಕಿದ್ದ ಒಂದು ಪ್ರಶ್ನೆ ಕೇಳಲಿಲ್ಲ. ಕೇಸು ಯಾರದು? ಯಾರು ಹಾಕಿದ್ದನ್ನು ಯಾರು ವಾಪಸ್ ತಗೊಂಡ್ರು? ಹಾಗೆ ತಗೊಳ್ಳುವ ಅಧಿಕಾರ ಅವರಿಗೆ ಇತ್ತೇ?

ಏಳು ತಿಂಗಳ ನಂತರ, 2025ರ ಮೇ 29ರಂದು, ಹೈಕೋರ್ಟ್ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಆ ಉತ್ತರ ಹಳೇ ಹುಬ್ಬಳ್ಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ನಿಮ್ಮೂರಲ್ಲಿ ನಾಳೆ ಒಂದು ಅನ್ಯಾಯ ನಡೆದು, ನೀವು ಠಾಣೆ ಮೆಟ್ಟಿಲು ಹತ್ತಿದರೆ ಆ ಉತ್ತರ ನಿಮಗೂ ಬೇಕಾಗುತ್ತದೆ. ಅದಕ್ಕೇ ಈ ಇತಿಹಾಸವನ್ನು ಸ್ವಲ್ಪ ಹಿಂದಿನಿಂದ ಹೇಳುತ್ತೇವೆ.

ಏಪ್ರಿಲ್ 16ರ ರಾತ್ರಿ

ಮೊದಲು ಘಟನೆ. 2022ರ ಏಪ್ರಿಲ್ 16, ಶನಿವಾರ. ಒಬ್ಬ ಯುವಕ ಮೊಬೈಲ್‌ನಲ್ಲಿ ಹಾಕಿದ ಒಂದು ಪೋಸ್ಟ್‌ನಿಂದ ಮುಸ್ಲಿಂ ಸಮುದಾಯದವರಿಗೆ ನೋವಾಯಿತು. ದೂರು ಬಂತು, ಪೊಲೀಸರು ಯುವಕನನ್ನು ಬಂಧಿಸಿದರು. ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ರಾತ್ರಿ ಹಳೇ ಹುಬ್ಬಳ್ಳಿ ಠಾಣೆ ಮುಂದೆ ದೊಡ್ಡ ಗುಂಪು ಸೇರಿತು. ಕಲ್ಲು ಬಿದ್ದವು. ಪೊಲೀಸ್ ವಾಹನಗಳು ಜಖಂಗೊಂಡವು. 12 ಮಂದಿ ಪೊಲೀಸರಿಗೆ ಗಾಯವಾಯಿತು. ಲಾಠಿ, ಅಶ್ರುವಾಯು, ಕೊನೆಗೆ ನಿಷೇಧಾಜ್ಞೆ.

ಮುಂದಿನ ದಿನಗಳಲ್ಲಿ 150ಕ್ಕೂ ಹೆಚ್ಚು ಜನರನ್ನು ಪೊಲೀಸರು ಬಂಧಿಸಿದರು. ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ, ಅಂದರೆ ಯುಎಪಿಎ ಕೂಡ ಹಾಕಿದರು. ಭಯೋತ್ಪಾದಕರಿಗೆ ಹಾಕುವ ಕಾಯ್ದೆ ಅದು, ಜಾಮೀನು ಸಿಗುವುದು ಬಹಳ ಕಷ್ಟ. ಹಲವರು ತಿಂಗಳುಗಟ್ಟಲೆ ಜೈಲಿನಲ್ಲಿದ್ದರು.

ಇಲ್ಲಿಯೇ ಎರಡು ಅಳಲು ಹುಟ್ಟಿದವು. ತಲೆಗೆ ಕಲ್ಲು ಬಿದ್ದ ಕಾನ್‌ಸ್ಟೇಬಲ್‌ನ ಮನೆಯದ್ದು ಒಂದು. "ನಮ್ಮ ಹುಡುಗ ಅಲ್ಲಿ ಇರಲೇ ಇಲ್ಲ" ಎಂದು ಜೈಲಿನ ಬಾಗಿಲಲ್ಲಿ ನಿಂತ ತಾಯಿಯದ್ದು ಇನ್ನೊಂದು. ಎರಡೂ ನಿಜವಿರಬಹುದು. ಯಾರು ಕಲ್ಲು ಹೊಡೆದರು, ಯಾರು ಹೊಡೆಯಲಿಲ್ಲ ಎಂದು ಸಾಕ್ಷಿ ನೋಡಿ ತೀರ್ಮಾನಿಸಲಿಕ್ಕೆಂದೇ ಕೋರ್ಟು ಇರುವುದು.

2024ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಬೇರೆ ಬೇರೆ ಊರುಗಳ 43 ಕ್ರಿಮಿನಲ್ ಪ್ರಕರಣಗಳನ್ನು ಹಿಂದಕ್ಕೆ ಪಡೆಯಲು ನಿರ್ಧರಿಸಿತು. ಹಳೇ ಹುಬ್ಬಳ್ಳಿ ಠಾಣೆಯ ಗಲಭೆ ಪ್ರಕರಣವೂ ಆ ಪಟ್ಟಿಯಲ್ಲಿತ್ತು. ಅಕ್ಟೋಬರ್ 15ರಂದು ಸರ್ಕಾರಿ ಆದೇಶ ಹೊರಬಿತ್ತು. ಕಾನೂನಿನ ಪ್ರಕಾರವೇ ಮಾಡಿದ್ದೇವೆ ಎಂದಿತು ಸರ್ಕಾರ. ಮತಕ್ಕಾಗಿ ಮಾಡಿದ್ದಾರೆ ಎಂದವು ವಿರೋಧ ಪಕ್ಷಗಳು. ಟಿವಿಗಳಲ್ಲಿ ಅದೇ ಜಗಳ ನಡೆಯಿತು. ಕಾನೂನು ಏನು ಹೇಳುತ್ತದೆ ಎಂಬುದು ಆ ಜಗಳದಲ್ಲಿ ಕಳೆದುಹೋಯಿತು.

ರಾಜಿ ಬೇರೆ, ವಾಪಸ್ ಬೇರೆ

ಹಳ್ಳಿಯಲ್ಲಿ ನಮಗೆ ರಾಜಿ ಗೊತ್ತು. ಬದುವಿನ ಜಗಳ, ಬೈದಾಟ, ಸಣ್ಣ ಹೊಡೆದಾಟ. ಹಿರಿಯರು ಕೂತು ಮಾತಾಡಿ, ಇಬ್ಬರೂ ಕೋರ್ಟಿಗೆ ಹೋಗಿ "ರಾಜಿಯಾಗಿದ್ದೇವೆ" ಅಂದರೆ ಮುಗಿಯಿತು. ಸಣ್ಣ ಅಪರಾಧಗಳಿಗೆ ಕಾನೂನೇ ಈ ದಾರಿ ಇಟ್ಟಿದೆ.

ಕೊಲೆ, ಅತ್ಯಾಚಾರ, ದೊಂಬಿಯಂಥ ದೊಡ್ಡ ಅಪರಾಧಗಳಿಗೆ ಆ ದಾರಿ ಇಲ್ಲ. ಅವು ಬರೀ ಒಬ್ಬರ ಮೇಲೆ ನಡೆದ ಅಪರಾಧ ಅಲ್ಲ, ಇಡೀ ಸಮಾಜದ ಮೇಲೆ ನಡೆದದ್ದು ಎಂಬುದು ಕಾನೂನಿನ ತತ್ವ. ಅದಕ್ಕೇ ಕೋರ್ಟಿನಲ್ಲಿ ಕೇಸು ನಡೆಸುವುದು ನೊಂದವರಲ್ಲ, ಸರ್ಕಾರ. ಸರ್ಕಾರದ ಪರವಾಗಿ ನಿಲ್ಲುವವರು ಸರ್ಕಾರಿ ಅಭಿಯೋಜಕರು, ಕೋರ್ಟಿನ ಆವರಣದಲ್ಲಿ ಎಲ್ಲರೂ ಪಿಪಿ ಸಾಹೇಬ್ರು ಅಂತ ಕರೆಯುವವರು.

ನಡೆಯುತ್ತಿರುವ ಕೇಸನ್ನು ಹಿಂದಕ್ಕೆ ಪಡೆಯುವ ಅವಕಾಶ ಬ್ರಿಟಿಷರ ಕಾಲದಿಂದಲೂ ಇದೆ. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 494ನೇ ಕಲಂ. 1973ರ ಸಂಹಿತೆಯಲ್ಲಿ 321. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 360. ನಂಬರ್ ಬದಲಾದರೂ ತಿರುಳು ಅದೇ: ಪಿಪಿ ಅರ್ಜಿ ಹಾಕಬೇಕು, ಕೋರ್ಟು ಒಪ್ಪಬೇಕು.

ಈ ಕಲಮಿನಲ್ಲಿ ವಾಪಸ್ ಪಡೆಯುವ ಅಧಿಕಾರ ಕೊಟ್ಟಿರುವುದು ಮಂತ್ರಿಗೂ ಅಲ್ಲ, ಸಚಿವ ಸಂಪುಟಕ್ಕೂ ಅಲ್ಲ. ಪಿಪಿಗೆ. ಸರ್ಕಾರ ಸಲಹೆ ಕೊಡಬಹುದು. ಆದರೆ ಫೈಲು ಓದಿ, ಸಾಕ್ಷಿ ತೂಗಿ, ಇದನ್ನು ಕೈಬಿಡುವುದರಿಂದ ಜನರಿಗೆ ಒಳ್ಳೆಯದಾಗುತ್ತದೆ ಎಂದು ಪಿಪಿಗೇ ಅನ್ನಿಸಬೇಕು. ಮೇಲಿನವರು ಹೇಳಿದರು, ಸಹಿ ಹಾಕಿದೆ ಅನ್ನುವಂತಿಲ್ಲ. ಆಮೇಲೆ ನ್ಯಾಯಾಧೀಶರು ನೋಡಬೇಕು: ಪಿಪಿ ನಿಜವಾಗಿ ಯೋಚಿಸಿದ್ದಾರೋ, ಅಥವಾ ಬಂದ ಪತ್ರಕ್ಕೆ ಮುದ್ರೆ ಒತ್ತಿದ್ದಾರೋ? 1957ರ ಬಿಹಾರದ ರಾಮ್ ನರೇಶ್ ಪಾಂಡೆ ಪ್ರಕರಣದಿಂದ ಹಿಡಿದು ಸುಪ್ರೀಂ ಕೋರ್ಟ್ ಈ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡು ಬಂದಿದೆ.

ಒಬ್ಬ ತಂದೆ ಕೋರ್ಟಿಗೆ ಹೋದ ಕಥೆ

ಈ ಕಲಮು ಕರ್ನಾಟಕದಲ್ಲಿ ಮನೆಮನೆಗೆ ಮುಟ್ಟಿದ್ದು 2000ರಲ್ಲಿ. ಆ ವರ್ಷ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ. ನಾಡೇ ನಡುಗಿತು. ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಒಂದು, ಕರ್ನಾಟಕದ ಜೈಲಿನಲ್ಲಿರುವ ಟಾಡಾ ಕೈದಿಗಳ ಬಿಡುಗಡೆ. ಅಣ್ಣಾವ್ರ ಜೀವ ಉಳಿಸಬೇಕೆಂದು ಸರ್ಕಾರ ಒಪ್ಪಿತು. ಪಿಪಿಯಿಂದ 321ನೇ ಕಲಂ ಅಡಿ ಅರ್ಜಿ ಹೋಯಿತು. ಮೈಸೂರಿನ ವಿಶೇಷ ಕೋರ್ಟು ಟಾಡಾ ಆರೋಪ ಕೈಬಿಡಲು ಒಪ್ಪಿತು.

ಆಗ ಎದ್ದು ನಿಂತವರು ಅಬ್ದುಲ್ ಕರೀಂ. ಅವರ ಮಗ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್, 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ವೀರಪ್ಪನ್ ಗ್ಯಾಂಗಿನ ಹೊಂಚುದಾಳಿಯಲ್ಲಿ ಎಸ್‌ಪಿ ಹರಿಕೃಷ್ಣ ಅವರ ಜೊತೆ ಹತರಾಗಿದ್ದರು. ಆ ಗ್ಯಾಂಗಿಗೆ ನೆರವಾದ ಆರೋಪ ಹೊತ್ತವರ ಕೇಸನ್ನು ಸರ್ಕಾರ ಕೈಬಿಡುವುದು ಈ ತಂದೆಗೆ ಸಹಿಸಲಾಗಲಿಲ್ಲ. ಇಡೀ ರಾಜ್ಯ ಅಣ್ಣಾವ್ರು ಬರಲಿ ಎಂದು ಹರಕೆ ಹೊತ್ತಿದ್ದಾಗ, "ಈ ಆದೇಶ ತಪ್ಪು" ಎನ್ನುತ್ತ ಅವರು ಸುಪ್ರೀಂ ಕೋರ್ಟಿಗೆ ಹೋದರು. ಅದಕ್ಕೆ ಎಂಥ ಗುಂಡಿಗೆ ಬೇಕು, ನೀವೇ ಯೋಚಿಸಿ.

2000ರ ನವೆಂಬರ್ 7ರಂದು ನ್ಯಾಯಮೂರ್ತಿಗಳಾದ ಎಸ್.ಪಿ. ಭರೂಚಾ, ಡಿ.ಪಿ. ಮೊಹಾಪಾತ್ರ ಮತ್ತು ವೈ.ಕೆ. ಸಭರ್ವಾಲ್ ಅವರ ಪೀಠ ತೀರ್ಪು ಕೊಟ್ಟಿತು. ಕೇಸು ಕೈಬಿಡುವ ಆದೇಶ ರದ್ದು. ಪಿಪಿ ಸ್ವಂತ ವಿವೇಚನೆ ಬಳಸಿಲ್ಲ, ಕೆಳಗಿನ ಕೋರ್ಟು ಅದನ್ನು ಸರಿಯಾಗಿ ಪರೀಕ್ಷಿಸಿಲ್ಲ ಎಂಬುದು ತೀರ್ಪಿನ ಸಾರ. ಟಾಡಾ ಕೈದಿಗಳನ್ನು ಬಿಡದೆಯೇ ನವೆಂಬರ್ 15ರಂದು, 108 ದಿನಗಳ ನಂತರ, ರಾಜ್‌ಕುಮಾರ್ ಕಾಡಿನಿಂದ ಹೊರಬಂದರು.

ರಾಜ್‌ಕುಮಾರ್ ಬಿಡುಗಡೆಯ ದಿನ ನಮಗೆಲ್ಲ ನೆನಪಿದೆ. ಅಬ್ದುಲ್ ಕರೀಂ ಅವರ ಹೆಸರು ಮಾತ್ರ ಬಹಳ ಜನರಿಗೆ ಗೊತ್ತಿಲ್ಲ. ಆದರೆ ಈ ಕಲಮಿನ ಚರ್ಚೆ ಬಂದಾಗಲೆಲ್ಲ ವಕೀಲರು 'ಅಬ್ದುಲ್ ಕರೀಂ ವಿರುದ್ಧ ಕರ್ನಾಟಕ ರಾಜ್ಯ' ಎಂದು ಅವರ ಹೆಸರು ಹೇಳಿಯೇ ವಾದ ಮಾಡುತ್ತಾರೆ.

ಹುಬ್ಬಳ್ಳಿಗೆ ಇದು ಹೊಸದಲ್ಲ

ಅದೇ ಕಲಮು ನಾಲ್ಕು ವರ್ಷಗಳ ನಂತರ ನಮ್ಮ ಹುಬ್ಬಳ್ಳಿಯ ಕೋರ್ಟಿಗೇ ಬಂತು.

ಚೆನ್ನಮ್ಮ ಸರ್ಕಲ್ ಪಕ್ಕದ ಈದ್ಗಾ ಮೈದಾನದ ವಿವಾದ ನಮ್ಮ ಹಿರಿಯರಿಗೆಲ್ಲ ನೆನಪಿದೆ. 1994ರ ಆಗಸ್ಟ್ 15ರಂದು ಅಲ್ಲಿ ರಾಷ್ಟ್ರಧ್ವಜ ಹಾರಿಸುತ್ತೇವೆಂದು ಬಿಜೆಪಿ ನಾಯಕರು ಹೊರಟರು. ನಿಷೇಧಾಜ್ಞೆ ಇತ್ತು. ಗಲಭೆಯಾಯಿತು, ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಆ ದಿನದ ಘಟನೆಗೆ ಸಂಬಂಧಿಸಿ ಉಮಾ ಭಾರತಿ ಅವರ ಮೇಲೆ ಕೇಸಾಯಿತು.

ಹತ್ತು ವರ್ಷ ಅದು ಕೋರ್ಟಿನಲ್ಲೇ ಉಳಿಯಿತು. 2004ರಲ್ಲಿ ಹುಬ್ಬಳ್ಳಿ ಕೋರ್ಟಿನಿಂದ ಜಾಮೀನುರಹಿತ ವಾರಂಟ್ ಬಂದಾಗ ಉಮಾ ಭಾರತಿ ಮಧ್ಯಪ್ರದೇಶದ ಮುಖ್ಯಮಂತ್ರಿ. ಆಗಸ್ಟ್ 23ರಂದು ಅವರು ಕುರ್ಚಿ ಬಿಟ್ಟು, ಹುಬ್ಬಳ್ಳಿಗೆ ಬಂದು ಕೋರ್ಟಿಗೆ ಶರಣಾದರು. ಒಬ್ಬ ಮುಖ್ಯಮಂತ್ರಿಯನ್ನು ಕೆಳಗಿಳಿಸಿದ ವಾರಂಟ್ ನಮ್ಮೂರ ಕೋರ್ಟಿನದು!

ಮುಂದೆ ಏನಾಯಿತು? ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರದ ಕಡೆಯಿಂದ ಕೇಸು ಹಿಂದಕ್ಕೆ ಪಡೆಯುವ ಅರ್ಜಿ ಬಂತು, ಕೋರ್ಟು ಒಪ್ಪಿತು, ಉಮಾ ಭಾರತಿ ಬಿಡುಗಡೆಯಾದರು. ಆಗ ರಾಜ್ಯದಲ್ಲಿ ಇದ್ದದ್ದು ಧರ್ಮಸಿಂಗ್ ನೇತೃತ್ವದ ಕಾಂಗ್ರೆಸ್-ಜೆಡಿಎಸ್ ಸರ್ಕಾರ. ತಮ್ಮ ಎದುರಾಳಿ ಪಕ್ಷದ ನಾಯಕಿಯ ಮೇಲಿನ ಕೇಸನ್ನು ಅವರೇ ಕೈಬಿಟ್ಟರು. ಬಿಸಿ ಹೆಚ್ಚಿದ ಕೇಸನ್ನು ಕೈಯಿಂದ ಜಾರಿಸುವುದರಲ್ಲಿ ಪಕ್ಷಗಳ ನಡುವೆ ಬಹಳ ವ್ಯತ್ಯಾಸ ಇಲ್ಲ.

ಆ ಕೇಸಿನಲ್ಲಿ ಅವರು ತಪ್ಪು ಮಾಡಿದ್ದರೋ ಇಲ್ಲವೋ, ಯಾರಿಗೂ ಗೊತ್ತಾಗಲಿಲ್ಲ. ಅವರ ನಿರಪರಾಧ ಸಾಬೀತಾಗಲಿಲ್ಲ, ಅಪರಾಧವೂ ಸಾಬೀತಾಗಲಿಲ್ಲ. ಕೇಸು ಕೈಬಿಡುವ ಮುನ್ನ ಆ ಆಗಸ್ಟ್ 15ರಂದು ನೊಂದವರನ್ನು ಕೇಳಬೇಕೆಂಬ ನಿಯಮ ಆಗಿನ ಕಲಮಿನಲ್ಲಿ ಇರಲೇ ಇಲ್ಲ.

ಕೇಸು ವಾಪಸ್ ಆಗುವುದು ಒಂದು ಬಗೆ. ಕೇಸು ಕಪಾಟಿನಲ್ಲಿ ಮಲಗುವುದು ಇನ್ನೊಂದು ಬಗೆ. 1992ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಲ್ಲಿ ನಡೆದ ಗಲಭೆಯ ಒಂದು ಕೇಸಿನಲ್ಲಿ ಒಬ್ಬ ಆರೋಪಿಯನ್ನು ಪೊಲೀಸರು ಬಂಧಿಸಿದ್ದು 2023ರ ಡಿಸೆಂಬರ್ ಕೊನೆಯಲ್ಲಿ. ಬರೋಬ್ಬರಿ 31 ವರ್ಷ! ಹಳೇ ಕೇಸುಗಳ ವಿಲೇವಾರಿ ಎಂದರು ಪೊಲೀಸರು. ರಾಮಮಂದಿರ ಉದ್ಘಾಟನೆ ಹೊತ್ತಿಗೆ ಬೇಕೆಂದೇ ಮಾಡಿದ್ದಾರೆ ಎಂದು ಠಾಣೆ ಮುಂದೆ ಬಿಜೆಪಿ ಧರಣಿ ಕೂತಿತು. ಕೆಲವೇ ದಿನಗಳಲ್ಲಿ ಆರೋಪಿಗೆ ಜಾಮೀನು ಸಿಕ್ಕಿತು. ಈ 31 ವರ್ಷ ಫೈಲು ಯಾರ ಯಾರ ಮೇಜಿನ ಮೇಲಿತ್ತು ಎಂದು ಮಾತ್ರ ಆ ಗದ್ದಲದಲ್ಲಿ ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

ರೈತರ ಕೇಸು ವಾಪಸ್ ಆಗಬಾರದೇ?

ಇಲ್ಲಿ ನಮ್ಮ ಓದುಗರು ಒಂದು ಮಾತು ಕೇಳುತ್ತಾರೆ, ಕೇಳಲೇಬೇಕು. ಹಾಗಾದರೆ ಯಾವ ಕೇಸನ್ನೂ ವಾಪಸ್ ಪಡೆಯಬಾರದೇ?

ನವಲಗುಂದ, ನರಗುಂದದ ಮಣ್ಣಿನಲ್ಲಿ ನಿಂತು ಹಾಗೆ ಹೇಳಲಾಗದು. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ಕರದ ವಿರುದ್ಧ ಎದ್ದಾಗ ಗೋಲಿಬಾರ್ ನಡೆಯಿತು. ಇವತ್ತಿಗೂ ಆ ದಿನವನ್ನು ರೈತ ಹುತಾತ್ಮ ದಿನ ಎಂದು ಆಚರಿಸುತ್ತೇವೆ. 2016ರ ಜುಲೈನಲ್ಲಿ ಮಹದಾಯಿ ನ್ಯಾಯಮಂಡಳಿ ನಮ್ಮ ಮಧ್ಯಂತರ ಅರ್ಜಿ ತಳ್ಳಿಹಾಕಿದಾಗ ನವಲಗುಂದದಲ್ಲಿ ಸಿಟ್ಟು ಸ್ಫೋಟಿಸಿತು. ಆಮೇಲೆ ಯಮನೂರಿನಲ್ಲಿ ಪೊಲೀಸರು ಮನೆ ಹೊಕ್ಕು ಹೆಂಗಸರು, ಮುದುಕರೆನ್ನದೆ ಹೊಡೆದದ್ದನ್ನು ಇಡೀ ರಾಜ್ಯ ನೋಡಿತು. ರೈತರ ಮೇಲೆ ಹಾಕಿದ ಕೇಸು ವಾಪಸ್ ಪಡೆಯಿರಿ ಎಂಬುದು ಆಗಿನ ದೊಡ್ಡ ಕೂಗಾಗಿತ್ತು. ಆ ಕೂಗು ನ್ಯಾಯವಾದದ್ದೇ.

ಸಿಕ್ಕವರನ್ನೆಲ್ಲ ಎಳೆದುಕೊಂಡು ಹೋಗಿ ಕೇಸು ಜಡಿದಿದ್ದರೆ ಅದನ್ನು ಕೈಬಿಡುವುದೇ ನ್ಯಾಯ. ಹಳೇ ಹುಬ್ಬಳ್ಳಿಯ ಬಂಧಿತರಲ್ಲಿಯೂ ಅಂಥವರು ಇರಬಹುದು. 321ನೇ ಕಲಂ ಇರುವುದೇ ಅದಕ್ಕೆ. ಆದರೆ ದಾರಿ ಯಾವುದು? ಪಿಪಿ ಒಬ್ಬೊಬ್ಬರ ಮೇಲಿನ ಸಾಕ್ಷಿ ನೋಡಬೇಕು. "ಈ ಹತ್ತು ಜನರ ಮೇಲೆ ಸಾಕ್ಷಿಯಿಲ್ಲ, ಈ ಐವರು ಕಲ್ಲು ಹೊಡೆದದ್ದು ವಿಡಿಯೋದಲ್ಲಿದೆ" ಎಂದು ತೆರೆದ ಕೋರ್ಟಿನಲ್ಲಿ ಕಾರಣ ಹೇಳಬೇಕು. ಆಗ ನಿರಪರಾಧಿಯ ಹೆಸರಿಗೆ ಅಂಟಿದ ಕೊಳೆ ತೊಳೆಯುತ್ತದೆ, ಅಪರಾಧಿ ತಪ್ಪಿಸಿಕೊಳ್ಳುವುದಿಲ್ಲ. ಒಂದೇ ಆದೇಶದಲ್ಲಿ 43 ಕೇಸು ಒಟ್ಟಿಗೆ ಕಟ್ಟಿ ಎಸೆದರೆ ನಿರಪರಾಧಿಗೂ ಅನ್ಯಾಯ. "ಸರ್ಕಾರ ಬಿಡಿಸ್ತು" ಎಂಬ ಮಾತು ಅವನ ಬೆನ್ನು ಬಿಡುವುದಿಲ್ಲ.

61 ಮತ್ತು 43

ಕಟ್ಟಿನಲ್ಲಿ ಕೇಸು ಕೈಬಿಡುವ ಕೆಲಸ 2024ರಲ್ಲೇ ಶುರುವಾದದ್ದಲ್ಲ. 2020ರ ಆಗಸ್ಟ್ 31ರಂದು ಅಂದಿನ ಬಿಜೆಪಿ ಸರ್ಕಾರ ಮಂತ್ರಿಗಳು, ಶಾಸಕರು ಸೇರಿದಂತೆ ಹಲವರ ಮೇಲಿದ್ದ 61 ಪ್ರಕರಣ ಹಿಂದಕ್ಕೆ ಪಡೆಯಲು ಆದೇಶ ಮಾಡಿತ್ತು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ಆ ಡಿಸೆಂಬರ್‌ನಲ್ಲಿ ಆದೇಶಕ್ಕೆ ತಡೆ ಹಾಕಿತು.

ಮರುವರ್ಷ ಸುಪ್ರೀಂ ಕೋರ್ಟ್ ಎರಡು ಗಟ್ಟಿ ಮಾತು ಹೇಳಿತು. ಕೇರಳ ವಿಧಾನಸಭೆಯಲ್ಲಿ 2015ರಲ್ಲಿ ಮೈಕು, ಕುರ್ಚಿ ಮುರಿದ ಶಾಸಕರ ಮೇಲಿನ ಕೇಸು ವಾಪಸ್ ಪಡೆಯಲು ಅಲ್ಲಿನ ಸರ್ಕಾರ ಹೊರಟಿತ್ತು. 2021ರ ಜುಲೈ 28ರಂದು ಕೋರ್ಟು ಒಪ್ಪಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 10ರಂದು, ಹಾಲಿ ಮತ್ತು ಮಾಜಿ ಸಂಸದರು, ಶಾಸಕರ ಮೇಲಿನ ಯಾವ ಕೇಸನ್ನೂ ಆಯಾ ಹೈಕೋರ್ಟಿನ ಅನುಮತಿ ಇಲ್ಲದೆ ಹಿಂದಕ್ಕೆ ಪಡೆಯುವಂತಿಲ್ಲ ಎಂದಿತು.

ಇಷ್ಟೆಲ್ಲ ಆದ ಮೇಲೆ ಬಂದದ್ದು 2024ರ 43 ಕೇಸುಗಳ ಆದೇಶ. ವಕೀಲರೊಬ್ಬರು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಮುಖ್ಯ ನ್ಯಾಯಮೂರ್ತಿ ಎನ್.ವಿ. ಅಂಜಾರಿಯಾ ಮತ್ತು ನ್ಯಾಯಮೂರ್ತಿ ಕೆ.ವಿ. ಅರವಿಂದ್ ಅವರ ಪೀಠ 2025ರ ಮೇ 29ರಂದು ಆದೇಶವನ್ನೇ ರದ್ದು ಮಾಡಿತು. 321ನೇ ಕಲಮಿಗೆ ವಿರುದ್ಧವಾದ ಈ ಆದೇಶ ಮೊದಲಿನಿಂದಲೇ ಅಸಿಂಧು ಎಂಬುದು ತೀರ್ಪಿನ ಸಾರ.

61 ಮಾಡಿದವರು ಒಂದು ಪಕ್ಷ, 43 ಮಾಡಿದವರು ಇನ್ನೊಂದು ಪಕ್ಷ. ಒಬ್ಬರು ಮಾಡಿದಾಗ ಇನ್ನೊಬ್ಬರು ಕಾನೂನಿನ ಪಾಠ ಹೇಳಿದರು, ಅಷ್ಟೇ. ಎರಡು ಸಲವೂ ತಡೆದದ್ದು ಕೋರ್ಟು. ಕೋರ್ಟಿನ ಬಾಗಿಲು ತಟ್ಟಿದವರು ಸರ್ಕಾರದ ಹೊರಗಿನವರು.

ಹಾಗಾದರೆ ಕಾನೂನು ಮೀರಿ ಆದೇಶ ಬರೆದವರಿಗೆ ಏನಾಗುತ್ತದೆ? ಕಣ್ಣು ಮುಚ್ಚಿ ಅರ್ಜಿ ಹಾಕುವ ಪಿಪಿಗೆ ಏನಾಗುತ್ತದೆ? ಈ ಕಲಮಿನಲ್ಲಿ ಶಿಕ್ಷೆಯ ಮಾತಿಲ್ಲ. ಆದೇಶ ಬೀಳುತ್ತದೆ, ಆದೇಶ ಮಾಡಿದವರು ಹಾಗೇ ಉಳಿಯುತ್ತಾರೆ. ಇಡೀ ವ್ಯವಸ್ಥೆಯ ತೂತು ಇದೇ.

ಕೇಸು ಹುಟ್ಟುವ ಮೊದಲೇ ಸತ್ತರೆ

ಇಲ್ಲಿಯವರೆಗೆ ಹೇಳಿದ್ದು ಕೋರ್ಟು ಮುಟ್ಟಿದ ಕೇಸುಗಳ ಕಥೆ. ಬಡವರ ಬಹಳಷ್ಟು ಕೇಸುಗಳು ಅಲ್ಲಿಯವರೆಗೆ ಹೋಗುವುದೇ ಇಲ್ಲ. ಠಾಣೆಯ ಮೇಜಿನ ಮೇಲೇ ಸಾಯುತ್ತವೆ. ಅದರ ಬೆಲೆ ಏನೆಂದು ಹುಬ್ಬಳ್ಳಿ 2024ರ ಮೇ ತಿಂಗಳಲ್ಲಿ ಕಂಡಿತು.

ಮೇ 15ರ ಬೆಳಗಿನ ಜಾವ ವೀರಾಪುರ ಓಣಿಯಲ್ಲಿ 20 ವರ್ಷದ ಯುವತಿಯೊಬ್ಬಳನ್ನು ಮನೆಗೇ ನುಗ್ಗಿ ಕೊಂದರು. ಬೆದರಿಕೆ ಇದೆ ಎಂದು ಮೊದಲೇ ಪೊಲೀಸರಿಗೆ ಹೇಳಿದ್ದೆವು, ಅವರು ಕಿವಿಗೊಡಲಿಲ್ಲ ಎಂದು ಮನೆಯವರು ಅತ್ತರು. ಊರು ಬೀದಿಗಿಳಿಯಿತು. ಬೆಂಡಿಗೇರಿ ಠಾಣೆಯ ಇನ್‌ಸ್ಪೆಕ್ಟರ್ ಮತ್ತು ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಅಮಾನತಾದರು. ಆಮೇಲೆ ಡಿಸಿಪಿಯೂ ಅಮಾನತಾದರು. ತನಿಖೆ ಸಿಐಡಿಗೆ ಹೋಯಿತು.

ಡಿಸಿಪಿ ಮಟ್ಟದ ಅಧಿಕಾರಿಯವರೆಗೆ ಕ್ರಮ ಹೋದದ್ದು ಸಣ್ಣ ಮಾತಲ್ಲ. ಆದರೆ ಅಮಾನತು ಅಂದರೆ ಶಿಕ್ಷೆ ಅಲ್ಲ, ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರ ಇಡುವುದು ಮಾತ್ರ. ಟಿವಿ ಕ್ಯಾಮೆರಾ ಬಂದ ಊರಿಗೆ ಅಮಾನತು ಬರುತ್ತದೆ. ಕ್ಯಾಮೆರಾ ಬಾರದ ಹಳ್ಳಿಗೆ?

ನಿಮ್ಮ ಕೈಯಲ್ಲಿರುವುದು

ಕಾನೂನು ಕೊಟ್ಟಿರುವ ಹಿಡಿಕೆಗಳು ಕೆಲವಿವೆ. ಓದಿ, ಮನೆಯವರಿಗೂ ಹೇಳಿ.

ಒಂದು. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು. 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೀಗೆ ಹೇಳಿದೆ. ಹೊಸ ಸಂಹಿತೆಯಲ್ಲಿ ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ 14 ದಿನದ ಪ್ರಾಥಮಿಕ ವಿಚಾರಣೆಗೆ ಅವಕಾಶವಿದೆ, ಅದಕ್ಕೂ ಡಿವೈಎಸ್‌ಪಿ ಅನುಮತಿ ಬೇಕು. "ಇದು ನಮ್ಮ ಹದ್ದಿ ಅಲ್ಲ" ಎಂದು ವಾಪಸ್ ಕಳಿಸುವಂತಿಲ್ಲ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ.

ಎರಡು. ಠಾಣೆಯಲ್ಲಿ ತಗೊಳ್ಳದಿದ್ದರೆ ದೂರನ್ನು ಬರೆದು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ. ಹೊಸ ಸಂಹಿತೆಯ 173 ಮತ್ತು 175ನೇ ಕಲಂ ನೋಡಿ ಎಂದು ವಕೀಲರಿಗೆ ಹೇಳಿ.

ಮೂರು. ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರ, ಆಸಿಡ್ ದಾಳಿಯಂಥ ಕೆಲವು ಅಪರಾಧಗಳ ದೂರನ್ನು ದಾಖಲಿಸದ ಅಧಿಕಾರಿ ತಾನೇ ಅಪರಾಧಿ. ನಿರ್ಭಯಾ ಪ್ರಕರಣದ ನಂತರ 2013ರಲ್ಲಿ ಬಂದ ಈ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 199. ಆರು ತಿಂಗಳಿಂದ ಎರಡು ವರ್ಷದವರೆಗೆ ಕಠಿಣ ಜೈಲು. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮಿನಲ್ಲಿಯೂ ಕರ್ತವ್ಯ ಬೇಕೆಂದೇ ಮಾಡದ ಅಧಿಕಾರಿಗೆ ಶಿಕ್ಷೆ ಇದೆ.

ನಾಲ್ಕು. ಪೊಲೀಸರು 'ಬಿ ರಿಪೋರ್ಟ್' ಹಾಕಿ ಕೇಸು ಮುಗಿಸಲು ಹೊರಟರೆ, ಒಪ್ಪುವ ಮುನ್ನ ಕೋರ್ಟು ದೂರುದಾರರಿಗೆ ತಿಳಿಸಿ ಅವರ ಮಾತು ಕೇಳಬೇಕು. 1985ರಿಂದಲೇ ಇದು ಸುಪ್ರೀಂ ಕೋರ್ಟಿನ ಮಾತು. ನೋಟಿಸ್ ಬಂದಾಗ ಮನೆಯಲ್ಲಿ ಕೂರಬೇಡಿ, ತಕರಾರು ಅರ್ಜಿ ಹಾಕಿ.

ಐದು, ಈ ಲೇಖನಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯ 360ನೇ ಕಲಮಿನಲ್ಲಿ ಹೊಸ ಸಾಲೊಂದು ಸೇರಿದೆ. ಕೇಸು ವಾಪಸ್ ಪಡೆಯಲು ಒಪ್ಪುವ ಮುನ್ನ ಕೋರ್ಟು ನೊಂದವರಿಗೆ ಮಾತಾಡುವ ಅವಕಾಶ ಕೊಡಲೇಬೇಕು. ಅದಕ್ಕೂ ಮೊದಲೇ ನಡೆಯುತ್ತಿದ್ದ ವಿಚಾರಣೆಗಳು ಹಳೇ ಸಂಹಿತೆಯಂತೆಯೇ ಸಾಗುತ್ತವೆ. ಹಾಗಾಗಿ ಹಳೇ ಹುಬ್ಬಳ್ಳಿಯ ಕೇಸನ್ನು ಹೈಕೋರ್ಟ್ ನೋಡಿದ್ದು 321ರ ಅಡಿಯಲ್ಲೇ. ಆದರೆ ಇನ್ನು ಮುಂದಿನ ಕೇಸುಗಳಲ್ಲಿ, 1898ರಿಂದ ಯಾರೂ ಕೇಳದೇ ಬಿಟ್ಟಿದ್ದ ನೊಂದವರನ್ನು ಕೇಳಲೇಬೇಕು. ಅಬ್ದುಲ್ ಕರೀಂ ದೆಹಲಿಯವರೆಗೆ ಹೋಗಿ ಹೇಳಬೇಕಾಗಿದ್ದ ಮಾತನ್ನು ಇನ್ನು ಮೇಲೆ ತಾಲ್ಲೂಕು ಕೋರ್ಟಿನಲ್ಲೇ ಹೇಳಬಹುದು.

ತಪ್ಪು ಮಾಡಿದ ಅಧಿಕಾರಿಯ ಹೊಣೆಯ ಬಗ್ಗೆಯೂ ಕಾಗದದ ಮೇಲೆ ಕೊರತೆ ಇಲ್ಲ. ಆರೋಪಿಗಳು ಖುಲಾಸೆಯಾದ ಪ್ರತಿ ಕೇಸನ್ನೂ ಪರಿಶೀಲಿಸಿ, ತನಿಖೆ ಅಥವಾ ವಾದದಲ್ಲಿ ಲೋಪ ಮಾಡಿದವರ ಮೇಲೆ ಕ್ರಮ ಆಗಬೇಕು, ಅದಕ್ಕೆ ಪ್ರತಿ ರಾಜ್ಯದ ಗೃಹ ಇಲಾಖೆ ವ್ಯವಸ್ಥೆ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2014ರ ಜನವರಿ 7ರಂದು ಗುಜರಾತಿನ ಕಿಶನ್‌ಭಾಯ್ ಪ್ರಕರಣದಲ್ಲಿ ಹೇಳಿತ್ತು. 2006ರ ಪ್ರಕಾಶ್ ಸಿಂಗ್ ತೀರ್ಪಿನ ಫಲವಾಗಿ ಕರ್ನಾಟಕ ಪೊಲೀಸ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾಗಿ, ರಾಜ್ಯ ಮತ್ತು ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರಗಳು ಬಂದವು. ನಿಮ್ಮ ಜಿಲ್ಲೆಯ ಪ್ರಾಧಿಕಾರದ ಕಚೇರಿ ಎಲ್ಲಿದೆ ಎಂದು ನಿಮ್ಮ ಊರಿನ ನಾಲ್ಕು ಜನರನ್ನು ಕೇಳಿ ನೋಡಿ. ಉತ್ತರ ಸಿಗದಿದ್ದರೆ ತಪ್ಪು ಅವರದಲ್ಲ.

ನಮ್ಮ ಪಾಲಿನ ತಪ್ಪು

ಪೊಲೀಸರನ್ನು, ಪಿಪಿಗಳನ್ನು, ಮಂತ್ರಿಗಳನ್ನು ಹೊಣೆ ಮಾಡುವಾಗ ನಮ್ಮನ್ನೂ ಬಿಡಬಾರದು. ಜಿಲ್ಲೆಯ ವರದಿಗಾರರಾದ ನಾವು ಗಲಭೆಯ ರಾತ್ರಿ ಓಡುತ್ತೇವೆ, ಬಂಧನದ ಲೆಕ್ಕ ಬರೆಯುತ್ತೇವೆ, ನಾಯಕರ ಹೇಳಿಕೆ ಕಳಿಸುತ್ತೇವೆ. ಆಮೇಲೆ ಕೇಸಿನ ತಾರೀಕು ಮುಂದಕ್ಕೆ ಹೋಗುತ್ತ ಹೋದಾಗ ನಮ್ಮಲ್ಲಿ ಯಾರೂ ಆ ಕೋರ್ಟ್ ಹಾಲಿನಲ್ಲಿ ಇರುವುದಿಲ್ಲ. ಸಾಕ್ಷಿ ಬಂದನೇ? ಪಿಪಿ ಏನು ಕೇಳಿದರು? ತನಿಖಾಧಿಕಾರಿಯ ವರ್ಗ ಯಾವಾಗ ಆಯಿತು? ಬರೆಯುವವರಿಲ್ಲ. ಯಾರೂ ನೋಡದ ಕಡೆ ಕೇಸು ಕೈಬಿಡುವುದು ಸುಲಭ.

ಹಳೇ ಹುಬ್ಬಳ್ಳಿಯ ಕೇಸು ವಾಪಸ್ ಪಡೆಯುವ ಆದೇಶ ಬಿದ್ದಿದೆ. ಅಂದರೆ ತೀರ್ಮಾನ ಆಗಬೇಕಾದದ್ದು ಸಾಕ್ಷಿಯ ಮೇಲೆ, ಕೋರ್ಟಿನಲ್ಲಿ. ಗಾಯಗೊಂಡ ಕಾನ್‌ಸ್ಟೇಬಲ್‌ನ ಮನೆಯವರಿಗೂ, "ನಮ್ಮ ಹುಡುಗ ಇರಲಿಲ್ಲ" ಎಂದ ತಾಯಿಗೂ ಅದೇ ಕೋರ್ಟು ಉತ್ತರ ಹೇಳಬೇಕು. ಆ ಉತ್ತರ ಬರುವವರೆಗೆ ತಾರೀಕು ತಾರೀಕಿಗೆ ಹೋಗಿ ನೋಡಿ ಬರೆಯುವುದು ನಮ್ಮ ಕೆಲಸ.

ನಿಮ್ಮೂರಲ್ಲಿಯೂ ಇಂಥ ಒಂದು ಕೇಸು ಇದ್ದರೆ ಅದರ ನಂಬರು, ಮುಂದಿನ ತಾರೀಕು ಕೇಳಿ ಬರೆದಿಟ್ಟುಕೊಳ್ಳಿ. ಆ ದಿನ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನ ಮೇಲೆ ಕೂತರೂ ಸಾಕು. ಜನ ನೋಡುತ್ತಿದ್ದಾರೆ ಎಂದು ಗೊತ್ತಾದರೆ ಫೈಲು ಕಪಾಟಿನಲ್ಲಿ ಮಲಗುವುದು ಸ್ವಲ್ಪ ಕಷ್ಟ.